ತೊಳೆದಿಟ್ಟ ಬೀದಿ

ಫೆಬ್ರವರಿ 2

ಅತ್ತಿಗೆಗೆ ನಮಸ್ಕಾರ.

ಫೋನ್ ಮಾಡಿದರೆ ಅಣ್ಣ ಎತ್ತುತ್ತಾನೆ. ಅಮ್ಮನಿಗೆ ಕಿವಿ ಮಂದವೆಂದು ಸ್ಪೀಕರಿಗೆ ಹಾಕುತ್ತಾನೆ. ಆಮೇಲೆ ನಾನು ನಿಮ್ಮ ಹತ್ತಿರ ಆಡಿದ ಮಾತಿಗೆ ಎದುರುಮನೆಯವರೂ ಅಭಿಪ್ರಾಯ ಕೊಡುತ್ತಾರೆ. ಅದಕ್ಕೇ ಈ ಕಾಗದ.

ನನ್ನ ಪಿಎಚ್‌ಡಿ ಕೊನೆಗೂ ಪುಸ್ತಕ ಬಿಟ್ಟು ನೆಲಕ್ಕಿಳಿದಿದೆ. ಅಣ್ಣ ಮಾಡುವಂಥ ಕೆಲಸದಲ್ಲಿ, ಅಂದರೆ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ, ಕೆಲಸಗಾರರ ಬಟ್ಟೆಗೆ, ಕೂದಲಿಗೆ, ಚಪ್ಪಲಿಗೆ ಅಂಟಿಕೊಂಡು ಸೀಸದ ಧೂಳು ಮನೆಯೊಳಗೆ ಬರುತ್ತದೆಯೇ, ಬಂದರೆ ಮಕ್ಕಳ ಮೈಗೆ ಸೇರುತ್ತದೆಯೇ ಎನ್ನುವುದು ನನ್ನ ಪ್ರಬಂಧ. ನಿಮ್ಮ ಬೀದಿಯ ತುಂಬ ಆ ಕಾರ್ಖಾನೆಯವರೇ ಇರುವುದರಿಂದ ಅಲ್ಲಿಗೇ ಬರುತ್ತಿದ್ದೇನೆ. ಪ್ರತಿ ಮನೆಯಲ್ಲೂ ನೆಲದ ಮೇಲೆ ಒಂದು ಚೌಕ ಗುರುತು ಮಾಡಿ, ಅಷ್ಟೇ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮುಚ್ಚಳದ ಶೀಷೆಗೆ ಹಾಕಿ ಲ್ಯಾಬಿಗೆ ತರಬೇಕು. ಹೋದ ಸಲ ಇದನ್ನು ಹೇಳಿದಾಗ ನೀವು, "ನೆಲ ಒರೆಸೋಕೂ ಡಾಕ್ಟರ್ ಪದವಿ ಕೊಡ್ತಾರಾ? ಹಾಗಾದ್ರೆ ನನಗೆ ಇಷ್ಟೊತ್ತಿಗೆ ಹತ್ತು ಬರಬೇಕಿತ್ತು" ಎಂದಿರಿ. ಅಮ್ಮ ಹಲ್ಲುಸೆಟ್ಟು ಬೀಳುವಷ್ಟು ನಕ್ಕಳು. ನಗಿ, ನನಗೇನು.

ನನ್ನ ಗೈಡ್ ಇದ್ದಾರಲ್ಲ, ನಾವೆಲ್ಲ ಬೆನ್ನ ಹಿಂದೆ ದೊರೆ ಎಂದು ಕರೆಯುವವರು, ಅವರಿಗೆ ನೆಲ ಎಂದರೇನೆಂದೇ ಗೊತ್ತಿಲ್ಲ. ಧೂಳಿನ ಬಗ್ಗೆ ಪುಸ್ತಕ ಬರೆದ ಮನುಷ್ಯ ಕುರ್ಚಿಯಲ್ಲಿ ಕೂರುವ ಮೊದಲು ಕರ್ಚೀಫಿನಿಂದ ಒರೆಸಿಕೊಳ್ಳುತ್ತಾರೆ. ಅವರೂ ಅವರಂಥ ಇನ್ನೂ ಕೆಲವರೂ ಸೇರಿ ಒಂದು ಸಮಿತಿ. ಮನೆಯವರ ಒಪ್ಪಿಗೆ ಬೇಕು, ಅವರಿಗೆ ಬಹಳ ಮುಂಚೆಯೇ ದಿನ ತಿಳಿಸಬೇಕು, ದಿಢೀರನೆ ಹೋಗಿ ಯಾರಿಗೂ ಮುಜುಗರ ಮಾಡಬಾರದು ಎಂದು ಆ ಸಮಿತಿಯ ಕಟ್ಟಪ್ಪಣೆ. ಅದಕ್ಕೆ ಈ ಕಾಗದದ ಜೊತೆ ಚೀಟಿಗಳಿವೆ. ಮಾರ್ಚ್ ಮೂರನೆಯ ವಾರ ಬರುತ್ತೇನೆಂದು ಅದರಲ್ಲಿದೆ. ದಯವಿಟ್ಟು ಬೀದಿಯವರಿಗೆ ಹಂಚಿ.

ಇನ್ನೊಂದು ಮಾತು. ಪುಟ್ಟಿಗೆ ನಾಲ್ಕು ತುಂಬುತ್ತಾ ಬಂತು. ಇನ್ನೂ ಎರಡು ಪದ ಜೋಡಿಸುವುದಿಲ್ಲ. ಹೊಟ್ಟೆನೋವು ಎಂದು ಮುದುಡಿಕೊಂಡು ಮಲಗುತ್ತಾಳೆ, ಸುಮ್ಮಸುಮ್ಮನೆ ರಚ್ಚೆ ಹಿಡಿಯುತ್ತಾಳೆ. ಸೀಸ ಮೈಗೆ ಸೇರಿದ ಮಕ್ಕಳಿಗೆ ಹೀಗೆಲ್ಲ ಆಗುತ್ತದೆ. ಅವಳ ರಕ್ತದಲ್ಲಿ ಸೀಸ ಇದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಎರಡು ಸಲ ಹೇಳಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಬರೆದು ಹೇಳುತ್ತಿದ್ದೇನೆ.

ಇಂತಿ ನಿಮ್ಮ ನಾದಿನಿ

---

ಫೆಬ್ರವರಿ 13

ಡಾಕ್ಟ್ರಮ್ಮನವರ ಸನ್ನಿಧಾನಕ್ಕೆ,

ಚೀಟಿ ಹಂಚಿದೆ. ಟೈಲರನ ಹೆಂಡತಿ ಓದಿ, "ನಿಮ್ಮ ನಾದಿನಿಗೆ ಬೇರೆ ಕೆಲ್ಸ ಸಿಗ್ಲಿಲ್ವಾ?" ಎಂದಳು. ಸಿಕ್ಕಿದ್ದರೆ ಈ ಕೆಲಸಕ್ಕೆ ಯಾಕೆ ಬರುತ್ತಿದ್ದಳು ಎಂದೆ. ತಪ್ಪೇನೂ ಹೇಳಲಿಲ್ಲ ತಾನೇ?

ನನ್ನ ಮನೆಯಲ್ಲಿ ಧೂಳು ಹುಡುಕುತ್ತೀಯಾ? ಧಾರಾಳವಾಗಿ ಹುಡುಕು. ಸಿಕ್ಕಿದರೆ ಒಂದು ಚಿಟಿಕೆ ನನಗೂ ತೋರಿಸು, ಅದನ್ನು ನೋಡಿ ಎಷ್ಟೋ ಕಾಲವಾಯಿತು. ನಾನು ಈ ಮನೆಗೆ ಕಾಲಿಟ್ಟಾಗ ನಿನ್ನ ಮಂಚದ ಕೆಳಗಿದ್ದ ಕಸವನ್ನು ಎತ್ತಿದ್ದರೆ ಆಗಲೇ ನಿನಗೆ ಪದವಿ ಸಿಗುತ್ತಿತ್ತು. ಓದುತ್ತಾ ಓದುತ್ತಾ ಮೂವತ್ತು ದಾಟಿದೆ. ಒಂದು ಲೋಟ ತೊಳೆದಿಟ್ಟವಳಲ್ಲ. ಈಗ ಊರವರ ಮನೆ ನೆಲ ಒರೆಸುತ್ತಾಳಂತೆ. ಅತ್ತೆಗೆ ಇದನ್ನು ಹೇಳಿ ನಗಿಸುವುದೇ ನನಗೆ ಈಗ ಮಧ್ಯಾಹ್ನದ ಕಾಲಕ್ಷೇಪ.

ಪುಟ್ಟಿಯ ಸುದ್ದಿಗೆ ಬರಬೇಡ. ನಿಮ್ಮಣ್ಣನೂ ನಾಲ್ಕು ತುಂಬುವವರೆಗೆ ಬಾಯಿ ಬಿಡಲಿಲ್ಲ ಎಂದು ಅತ್ತೆಯೇ ಹೇಳುತ್ತಾರೆ. ಈಗಲೂ ಅವರು ಆಡುವುದು ಅಷ್ಟರಲ್ಲೇ ಇದೆ. ನನ್ನ ಮಗಳಿಗೆ ಸೂಜಿ ಚುಚ್ಚಿ, ಆ ರಕ್ತದಲ್ಲಿ ನೀನು ಪುಸ್ತಕ ಬರೆಯಬೇಕಾಗಿಲ್ಲ. ನನ್ನ ಮನೆ ಕೊಳಕು, ಅದಕ್ಕೇ ಮಗುವಿಗೆ ಮಾತು ಬರಲಿಲ್ಲ ಎಂದು ನಾಲ್ಕು ಜನರ ಮುಂದೆ ಓದಬೇಕೆಂಬ ಆಸೆ ಇದ್ದರೆ ಬಿಟ್ಟುಬಿಡು.

ಬರುವಾಗ ಕಾಲು ತೊಳೆದುಕೊಂಡು ಒಳಗೆ ಬಾ.

ಇತಿ
ಅತ್ತಿಗೆ

---

ಏಪ್ರಿಲ್ 21

ಅತ್ತಿಗೆ,

ಫಲಿತಾಂಶ ಬಂತು. ಮೊದಲು ನಿಮಗೇ ತಿಳಿಸುತ್ತಿದ್ದೇನೆ. ಹೇಗಿದ್ದರೂ ನೀವು ಬೀಗುತ್ತೀರಿ, ಬೇಗ ಬೀಗಿ ಮುಗಿಸಿ.

ನಿಮ್ಮ ಬೀದಿಯಲ್ಲಿ ಸೀಸ ಇಲ್ಲ. ಇದೆ, ಆದರೆ ಇಲ್ಲವೆನ್ನುವಷ್ಟು. ಹೋಲಿಕೆಗೆಂದು ಯಾವ ಕಾರ್ಖಾನೆಯೂ ಇಲ್ಲದ ಊರಿನ ಮನೆಗಳಲ್ಲೂ ಒರೆಸಿ ತಂದಿದ್ದೆ. ಅವುಗಳಿಗಿಂತ ನಿಮ್ಮ ಬೀದಿ ಶುಭ್ರ. ಅದರಲ್ಲೂ ನಿಮ್ಮ ಮನೆಯ ಬಟ್ಟೆಯಲ್ಲಿ ಯಂತ್ರಕ್ಕೆ ಏನೂ ಸಿಗಲಿಲ್ಲ. ಲ್ಯಾಬಿನವನು ನಾನು ಹೊಸ ಬಟ್ಟೆಯನ್ನೇ ತಂದು ಕೊಟ್ಟೆನೇನೋ ಎಂದು ನನ್ನ ಮುಖ ನೋಡಿದ.

ದೊರೆಗಳ ಸಂಭ್ರಮ ನೋಡಬೇಕಿತ್ತು. ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಕುಳಿತುಕೋ ಎಂದರು. "ಏನೂ ಸಿಗಲಿಲ್ಲ ಅನ್ನೋದೂ ಒಂದು ರಿಸಲ್ಟೇ ಕಣಮ್ಮಾ. ಎಲ್ಲರೂ ಭೂತ ಇದೆ ಭೂತ ಇದೆ ಅಂತಾರೆ, ಇಲ್ಲ ಅಂತ ತೋರಿಸೋಕೂ ಒಬ್ಬರು ಬೇಕಲ್ಲ" ಎಂದರು. ಈ ವರ್ಷದ ಕೊನೆಗೆ ಪ್ರಬಂಧ ಸಲ್ಲಿಸಬಹುದಂತೆ. ಬ್ಯಾಟರಿ ಕಾರ್ಖಾನೆಗಳ ಮಾಲೀಕರ ಸಂಘದವರು ಆಗಲೇ ಅವರನ್ನು ಭಾಷಣಕ್ಕೆ ಕರೆದಿದ್ದಾರೆ. ಅದಕ್ಕೆ ಹೊಸ ಕೋಟು ಹೊಲಿಸುತ್ತಿದ್ದಾರೆ. ಆ ಕೋಟಿನ ಅಳತೆ ಕೊಡುವಾಗ ಇದ್ದ ಶ್ರದ್ಧೆ ನನ್ನ ಅಂಕಿಗಳನ್ನು ನೋಡುವಾಗ ಇರಲಿಲ್ಲ.

ನನಗೆ ಸಂತೋಷವಾಗಬೇಕು, ಆಗುತ್ತಿಲ್ಲ. ಅಣ್ಣನ ಉಗುರಿನ ಸಂದಿ ನೋಡಿದ್ದೇನೆ. ಅಂಥ ಕೈ ಇರುವ ಮನೆಯ ನೆಲದ ಮೇಲೂ ಏನೂ ಸಿಗುವುದಿಲ್ಲವೆಂದರೆ ಏನರ್ಥ? ಆದರೂ ಯಂತ್ರ ಸುಳ್ಳು ಹೇಳುವುದಿಲ್ಲ. ನನಗೂ ಸಾಕಾಗಿದೆ. ಈ ಹಾಸ್ಟೆಲ್ ಕೋಣೆ, ಈ ಕಬ್ಬಿಣದ ಮಂಚ, ನನಗಿಂತ ಹತ್ತು ವರ್ಷ ಚಿಕ್ಕವರು ಬಂದು "ಆಂಟೀ, ಇನ್ನೂ ಮುಗಿಲಿಲ್ವಾ?" ಎಂದು ಕೇಳುವುದು, ಎಲ್ಲವೂ ಸಾಕು. ಪುಟ್ಟಿಯ ವಿಷಯದಲ್ಲಿ ನಾನು ಅನುಮಾನಪಟ್ಟದ್ದು ತಪ್ಪಾಗಿರಬಹುದು. ಒಪ್ಪಿದ್ದೇನೆ.

ನಾದಿನಿ

---

ಏಪ್ರಿಲ್ 30

ಡಾಕ್ಟ್ರಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಮ್ಮೆ ನನಗೆ, ಒಮ್ಮೆ ಅತ್ತೆಗೆ ಗಟ್ಟಿಯಾಗಿ, ಇನ್ನೊಮ್ಮೆ ಕೊನೆಮನೆ ಅಜ್ಜಿಗೆ. ಯಂತ್ರಕ್ಕೆ ಏನೂ ಸಿಗಲಿಲ್ಲವಂತೆ! ಹೇಗೆ ಸಿಗುತ್ತದೆ? ನೀನು ಬರುವೆನೆಂದು ಚೀಟಿ ಕೊಟ್ಟ ದಿನವೇ ನಾನು ಮನೆಮನೆಗೆ ಹೋಗಿ ಹೇಳಿದ್ದೆ, "ನಮ್ಮ ನಾದಿನಿ ದೊಡ್ಡ ಕಾಲೇಜಿನಿಂದ ನಿಮ್ಮ ಮನೆ ಕಸ ನೋಡೋಕೆ ಬರ್ತಿದ್ದಾಳೆ. ಮರ್ಯಾದೆ ಇದ್ದವರು ತೊಳೆದುಕೊಳ್ಳಿ" ಎಂದು. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ನೋಡಬೇಕಿತ್ತು! ಟೈಲರನ ಹೆಂಡತಿ ಮಂಚ ಎತ್ತಿಸಿದಳು. ಮೂಲೆಮನೆಯವಳು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಉಜ್ಜಿದಳು, ಅವಳ ಜನ್ಮದಲ್ಲಿ ಅದೇ ಮೊದಲು. ಅಜ್ಜಿ ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿ, ನಡು ಹಿಡಿದುಕೊಂಡು ಮಲಗಿದರು. ನೀನು ಬಂದ ದಿನ ಬೆಳಿಗ್ಗೆಯೂ ಎಲ್ಲರೂ ಇನ್ನೊಂದು ಸಲ ಸೋಪುನೀರು ಹಾಕಿ ಒರೆಸಿದ್ದರು. ನಿನ್ನ ಮುಂದೆ ನಮ್ಮ ಬೀದಿ ತಲೆ ತಗ್ಗಿಸಬೇಕಾ? ನೀನು ಮಂಡಿಯೂರಿ ಕೂತು ಚೌಕ ಗುರುತು ಮಾಡುವಾಗ ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು.

ನನಗಂತೂ ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ. ನನ್ನ ಮನೆಗೆ ಆ ಕಾರ್ಖಾನೆಯ ಧೂಳು ಬರುವುದೇ ಇಲ್ಲ. ನಿಮ್ಮಣ್ಣ ಸಂಜೆ ಬಂದರೆ ಬಾಗಿಲಾಚೆಯೇ ಅಂಗಿ ಬಿಚ್ಚಬೇಕು. ಕಟ್ಟೆಯ ಮೇಲೆ ನಿಂತು ಅದನ್ನು ಪಟಪಟ ಕೊಡವುತ್ತೇನೆ. ಇದ್ದಬದ್ದ ಧೂಳೆಲ್ಲ ಹಾರಿಹೋದ ಮೇಲೆಯೇ ಅಂಗಿ ಒಳಗೆ. ಕೊರಳ ಕಡೆ ನಾನು ಹಿಡಿದರೆ, ತೋಳಿನ ತುದಿ ಪುಟ್ಟಿ ಹಿಡಿಯುತ್ತಾಳೆ. ಕೇಕೆ ಹಾಕಿ ಕುಣಿಯುತ್ತಾ ಕೊಡವುತ್ತಾಳೆ. ದಿನವಿಡೀ ಮುಖ ಊದಿಸಿಕೊಂಡಿರುವ ಮಗು ನಗುವುದು ಆಗಲೇ. ಬೀದಿಯ ಉಳಿದವರಿಗೂ ಇದನ್ನು ನಾನೇ ಕಲಿಸಿದ್ದು. ಇದನ್ನು ಬರಿ ನಿನ್ನ ಪುಸ್ತಕದಲ್ಲಿ. ನಿನ್ನ ದೊರೆಗಳಿಗೂ ಹೇಳು.

ಇನ್ನು ಮೇಲೆ ಪುಟ್ಟಿಯ ರಕ್ತ, ಪುಟ್ಟಿಯ ಮಾತು ಎಂದು ನನ್ನ ತಲೆ ತಿನ್ನಬೇಡ. ಮನೆ ಚೊಕ್ಕ ಇದೆ ಎಂದು ನಿನ್ನ ಯಂತ್ರವೇ ಹೇಳಿತಲ್ಲ. ಮಗುವಿಗೆ ಏನೂ ಇಲ್ಲ.

ಗೆದ್ದ
ಅತ್ತಿಗೆ

---

ಮೇ 4

ಅತ್ತಿಗೆ,

ನಿಮಗೆ ಬುದ್ಧಿ ಎಲ್ಲಿದೆ? ಸಮಿತಿಯಲ್ಲಿ ಕೂತ ಆ ಮಹಾನುಭಾವರಿಗೆ ಎಲ್ಲಿದೆ? ನನಗಾದರೂ ಎಲ್ಲಿತ್ತು? ಧೂಳು ಅಳೆಯಲು ಬರುತ್ತೇನೆಂದು ತಿಂಗಳು ಮುಂಚೆ ಚೀಟಿ ಕಳಿಸಿದೆ. ಚೀಟಿ ಓದಿ ನೀವು ಇಡೀ ಬೀದಿಯನ್ನು ತೊಳೆಸಿಟ್ಟಿರಿ. ನಾನು ಬಂದು ತೊಳೆದ ನೆಲ ಒರೆಸಿಕೊಂಡು ಹೋದೆ. ಅದರ ಆಧಾರದ ಮೇಲೆ ಒಬ್ಬ ಮನುಷ್ಯ ಕೋಟು ಹಾಕಿಕೊಂಡು ಮಾಲೀಕರ ಮುಂದೆ ನಿಂತು, ಧೂಳು ಮನೆಗೆ ಹೋಗುವುದೇ ಇಲ್ಲ ಎನ್ನುತ್ತಾನೆ. ಮೂರ್ಖರ ಸಂತೆ ಇದು.

ನನ್ನ ಯಂತ್ರ ನಿಮ್ಮ ಮನೆಯ ಬಗ್ಗೆ ಏನೂ ಹೇಳಿಲ್ಲ. ನಿಮ್ಮ ಸೋಪಿನ ಬಗ್ಗೆ ಹೇಳಿದೆ, ಅಷ್ಟೇ. ನಾನು ಕಳಿಸಿದ ಫಲಿತಾಂಶವನ್ನು ಹರಿದುಹಾಕಿ. ಅದನ್ನು ನಂಬಿ ಪುಟ್ಟಿಗೆ ಏನೂ ಇಲ್ಲ ಎಂದುಕೊಳ್ಳಬೇಡಿ, ನಿಮ್ಮ ಕಾಲು ಹಿಡಿಯುತ್ತೇನೆ.

ಈಗ ಮುಖ್ಯವಾದದ್ದು. ಆ ಅಂಗಿ ಕೊಡವುವುದನ್ನು ಇವತ್ತೇ ನಿಲ್ಲಿಸಿ. ಹಾರಿದ ಧೂಳು ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೀರಿ? ತೋಳಿನ ತುದಿ ಹಿಡಿದು ನಿಂತವಳ ಮೂಗು, ಬಾಯಿ, ಕೈ ಅದಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಕೊಡವಿದ ಮೇಲೆ ಅವಳು ಅದೇ ಕಟ್ಟೆಯ ಮೇಲೆ ಕೂತು ಆಡುತ್ತಾಳೆ, ಆ ಬೆರಳನ್ನು ಬಾಯಿಗಿಡುತ್ತಾಳೆ. ನಾನೇ ನೋಡಿದ್ದೇನೆ. ನಿಮ್ಮ ಮನೆ ಕೊಳಕೆಂದು ನಾನು ಯಾವತ್ತೂ ಹೇಳಿಲ್ಲ. ಈ ಬೀದಿಯಲ್ಲಿ ನಿಮ್ಮಷ್ಟು ಚೊಕ್ಕಟ ಯಾರೂ ಇಲ್ಲ, ನನ್ನ ಭಯ ಅದೇ. ಆ ಧೂಳನ್ನು ದಿನಾ ನಿಮ್ಮಷ್ಟು ತಪ್ಪದೆ ಎಬ್ಬಿಸುವವರೂ ಯಾರೂ ಇಲ್ಲ.

ರಕ್ತಪರೀಕ್ಷೆ ಮಾಡಿಸಿ. ನನ್ನ ಪುಸ್ತಕಕ್ಕೆ ಬೇಡ. ನನಗೆ ಏನು ಬಂತೆಂದು ಹೇಳುವುದೂ ಬೇಡ. ಮಾಡಿಸಿ ಅಷ್ಟೇ.

ನಾದಿನಿ

---

ಮೇ 11

ಹೆತ್ತವಳಿಗೆ ನೀನು ಹೇಳಿಕೊಡುತ್ತೀಯಾ? ಒಂದು ಮಗುವನ್ನು ಎತ್ತಿ ಆಡಿಸಿ ಗೊತ್ತಿಲ್ಲದವಳು, ಕಬ್ಬಿಣದ ಮಂಚದ ಮೇಲೆ ಕೂತು, ನನ್ನ ಮಗಳಿಗೆ ನಾನೇ ವಿಷ ಹಾಕುತ್ತಿದ್ದೇನೆಂದು ಬರೆಯುತ್ತಾಳೆ. ಮೊದಲು ಕೊಳಕು ಇದೆ ಎಂದೆ. ಕೊಳಕು ಸಿಗಲಿಲ್ಲ ಎಂದಮೇಲೆ ಚೊಕ್ಕಟವಾಗಿರುವುದೇ ತಪ್ಪು ಎನ್ನುತ್ತೀಯ. ಎತ್ತ ಹೋದರೂ ತಪ್ಪು ನನ್ನದೇ. ಇದಕ್ಕಾ ಅಷ್ಟು ವರ್ಷ ಓದಿದ್ದು?

ಇನ್ನು ಈ ಮನೆಗೆ ಕಾಗದ ಬರೆಯಬೇಡ.

---

ಜೂನ್ 6

ಅತ್ತಿಗೆ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಬೈಯಬೇಕಾದರೂ ಓದಲೇಬೇಕಲ್ಲ.

ದೊರೆಗಳ ಕೋಣೆಗೆ ಹೋಗಿ, ಮನೆಗಳನ್ನು ಮೊದಲೇ ತೊಳೆದಿದ್ದರು, ಈ ಅಂಕಿಗಳಿಂದ ಪ್ರಯೋಜನವಿಲ್ಲ, ಭಾಷಣ ನಿಲ್ಲಿಸಿ ಎಂದೆ. ಅವರು ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?" ಎಂದರು.

"ನಮ್ಮ ಅತ್ತಿಗೆ."

"ನಿಮ್ಮ ಅತ್ತಿಗೆ ಏನು ಓದಿದ್ದಾರೆ?"

ನನಗೆ ಮೈ ಉರಿದುಹೋಯಿತು. ನಿಮ್ಮನ್ನು ನಾನು ಬೈಯಬಹುದು, ಆತ ಯಾರು? "ಸಾರ್, ನೆಲ ತೊಳೆದಿದ್ದಾರೋ ಇಲ್ವೋ ಅಂತ ಹೇಳೋಕೆ ಏನು ಓದ್ಬೇಕು?" ಎಂದೆ. ಆಗ ಕನ್ನಡಕ ತೆಗೆದರು. ತೊಳೆದ ಮನೆಯೂ ಮನೆಯೇ, ಜನ ಮನೆ ತೊಳೆಯುವುದು ಸಹಜ, ಅದನ್ನು ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಾಗಿ ಬರೆದರೆ ಸಾಕು, ಇಷ್ಟಕ್ಕೆಲ್ಲ ಕಣ್ಣೀರು ಹಾಕುವವರು ಸಂಶೋಧನೆಗೆ ಬರಬಾರದು ಎಂದರು. ನಾನು ಕಣ್ಣೀರು ಹಾಕಿರಲಿಲ್ಲ, ಹಲ್ಲು ಕಡಿಯುತ್ತಿದ್ದೆ. ಆ ವ್ಯತ್ಯಾಸವೂ ತಿಳಿಯದವರ ಕೈಯಲ್ಲಿ ನನ್ನ ಪದವಿ ಇತ್ತು.

ಇತ್ತು, ಈಗ ಇಲ್ಲ. ಒರೆಸಿ ತಂದ ಎಲ್ಲ ಅಂಕಿಗಳನ್ನೂ ವಾಪಸ್ಸು ತೆಗೆದುಕೊಳ್ಳುತ್ತೇನೆಂದು, ಕಾರಣ ಸಮೇತ ವಿಭಾಗಕ್ಕೆ ಬರೆದುಕೊಟ್ಟೆ. ಭಾಷಣ ರದ್ದಾಯಿತು. ಹೊಸ ಗೈಡ್ ಹುಡುಕಿಕೋ ಎಂದು ಅವರು ನನ್ನ ಮೇಜನ್ನು ಕಾರಿಡಾರಿಗೆ ಹಾಕಿಸಿದ್ದಾರೆ. ಓಡಾಡುವವರೆಲ್ಲ ಅದಕ್ಕೆ ಸೊಂಟ ತಾಗಿಸಿಕೊಂಡು ಹೋಗುತ್ತಾರೆ. ಎರಡು ವರ್ಷ ಹಿಂದಕ್ಕೆ ಹೋದೆ. ನೀವು ಹೇಳಿದ ಹಾಗೆ ಇದಕ್ಕಾ ಇಷ್ಟು ವರ್ಷ ಓದಿದ್ದು ಎಂದು ನನಗೂ ಅನ್ನಿಸುತ್ತದೆ.

ಇದನ್ನು ನಿಮಗೆ ಹೇಳುತ್ತಿರುವುದು ಅಯ್ಯೋ ಪಾಪ ಎನ್ನಿಸಿಕೊಳ್ಳುವುದಕ್ಕಲ್ಲ. ನನ್ನ ಪುಸ್ತಕಕ್ಕಾಗಿ ಪುಟ್ಟಿಯ ರಕ್ತ ಕೇಳುತ್ತಿದ್ದೇನೆ ಎಂದಿರಲ್ಲ, ಈಗ ಪುಸ್ತಕವೇ ಇಲ್ಲ. ಈಗಲೂ ಕೇಳುತ್ತಿದ್ದೇನೆ.

ನಾದಿನಿ

---

ಜುಲೈ 20

ನಾದಿನಿಗೆ,

ಅಂಗಿ ಕೊಡವುವುದನ್ನು ನಾನು ನಿಲ್ಲಿಸಿರಲಿಲ್ಲ. ನೀನು ಹೇಳಿದೆ ಎಂಬ ಹಟಕ್ಕೆ ಇನ್ನೂ ಜೋರಾಗಿ ಕೊಡವಿದೆ. ಆಮೇಲೆ ಒಂದು ದಿನ, ನಿನ್ನ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡಬೇಕೆಂದು, ಒಗೆದ ಬಿಳಿ ದಿಂಬಿನ ಚೀಲ ತೆಗೆದು ಕಟ್ಟೆಯ ಮೇಲೆ ಹಾಸಿದೆ. ಅದರ ಮೇಲೆ ನಿಂತು ಅಂಗಿ ಕೊಡವಿ, ಬಿಳಿ ಹಾಗೇ ಇರುವುದನ್ನು ಮಡಿಚಿ ನಿನಗೆ ಅಂಚೆಯಲ್ಲಿ ಕಳಿಸಬೇಕೆಂದಿದ್ದೆ.

ಬಿಳಿ ಹಾಗೇ ಇರಲಿಲ್ಲ. ಕೊಳೆ ಎಷ್ಟು ಬಗೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಣ್ಣು, ಮಸಿ, ಒಲೆಯ ಜಿಡ್ಡು ಎಲ್ಲ ಗೊತ್ತು. ಇದು ಅದ್ಯಾವುದೂ ಅಲ್ಲ. ಬೂದಿಬಣ್ಣ, ನುಣ್ಣಗೆ, ಮುಖಕ್ಕೆ ಹಾಕುವ ಪೌಡರಿನಂತೆ. ಪುಟ್ಟಿ ನಿಂತಿದ್ದ ಕಡೆಯೇ ಹೆಚ್ಚು ಬಿದ್ದಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದರ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬಾಯಿಗೆ ಹಾಕಿಕೊಂಡಳು. ಕೈ ಕಿತ್ತು ತೆಗೆದೆ. ಅವಳಿಗೇನು ಗೊತ್ತು, ಹೊಡೆದೆ ಎಂದುಕೊಂಡು ಹೋ ಎಂದು ಅತ್ತಳು.

ಮಾರನೆಯ ದಿನ ಯಾರಿಗೂ ಹೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆಯುವಾಗ ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಒಂದು ವಾರಕ್ಕೆ ರಿಪೋರ್ಟು ಬಂತು. ಇದೆ. ಇರಬಾರದಷ್ಟು ಇದೆ. ಔಷಧಿ ಕೊಟ್ಟು ತೆಗೆಯುವಷ್ಟು ಆಗಿಲ್ಲ, ಆದರೆ ಇನ್ನು ಒಂದು ಕಣವೂ ಒಳಗೆ ಹೋಗಬಾರದು ಎಂದರು ಮಕ್ಕಳ ಡಾಕ್ಟರು. ಚಿಕ್ಕ ವಯಸ್ಸಿನವರು, ರಿಪೋರ್ಟು ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ಏನೆಂದರು ಗೊತ್ತಾ?

"ಮನೆ ಸ್ವಲ್ಪ ಕ್ಲೀನಾಗಿ ಇಟ್ಕೊಳ್ಳಮ್ಮ."

ನನಗೆ! ಬೇರೆ ದಿನವಾಗಿದ್ದರೆ ಆ ಮೇಜಿನ ಮೇಲಿದ್ದದ್ದನ್ನೆಲ್ಲ ಎತ್ತಿ ಅವರ ತಲೆಯ ಮೇಲೆ ಹಾಕುತ್ತಿದ್ದೆ. ಆವತ್ತು "ಆಯ್ತು ಡಾಕ್ಟ್ರೇ" ಎಂದು ತಲೆಯಾಡಿಸಿ ಎದ್ದುಬಂದೆ.

ನಿಮ್ಮಣ್ಣನಿಗೆ ಹೇಳಿದೆ. ಊಟ ಬಿಟ್ಟು ಎದ್ದರು. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅತ್ತೆಗೆ ಅರ್ಥವಾಗಲಿಲ್ಲ, ಅಥವಾ ಕೇಳಿಸಲಿಲ್ಲ. ಬೀದಿಯಲ್ಲಿ ಉಳಿದ ಮಕ್ಕಳಿವೆಯಲ್ಲ, ಅಂಗಿ ಕೊಡವಲು ಕಲಿಸಿದವಳು ನಾನೇ ಅಲ್ಲವಾ? ಹಾಗಾಗಿ ಮನೆಮನೆಗೆ ಹೋಗಿ ಪುಟ್ಟಿಯ ರಿಪೋರ್ಟು ತೋರಿಸಿದೆ. ಟೈಲರನ ಹೆಂಡತಿ, "ಅಷ್ಟು ಚೊಕ್ಕಟ ಚೊಕ್ಕಟ ಅಂತಿದ್ರಿ, ನಿಮ್ಮ ಮನೇಲೇ ಹೀಗಾ?" ಎಂದಳು. ಬಾಯಿ ತುದಿಯಲ್ಲಿ ನಗು ಇತ್ತು. ದಿನಾ ನಮ್ಮ ಕಟ್ಟೆಯ ಮೇಲೆ ಆಡುವ ಅವಳ ಮಗನ ಕೈಹಿಡಿದು ಎಳೆದು, ಅವನ ಉಗುರು ಅವಳ ಮೂಗಿಗೆ ಹಿಡಿದು, "ನಗೋದು ಆಮೇಲೆ, ಮೊದಲು ಇವನನ್ನ ಕರ್ಕೊಂಡು ಹೋಗು" ಎಂದೆ. ಹೋಗಿದ್ದಾಳೆ. ಇನ್ನೂ ಮೂರು ಮನೆಯವರು ಹೋಗಿದ್ದಾರೆ.

ಇನ್ನೇನು ಮಾಡಬೇಕು ಬರಿ.

ಅತ್ತಿಗೆ

---

ಜುಲೈ 27

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಕಾರಿಡಾರಿನ ಮೇಜಿನ ಮೇಲೆ ಕೂತು ಓದಿದೆ.

ಮಾಡಬೇಕಾದದ್ದು ಇಷ್ಟು. ಒಣ ಪೊರಕೆ ಬೇಡ, ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಿ. ಅಣ್ಣನ ಬಟ್ಟೆಗೆ ಬೇರೆ ಬಕೆಟ್ಟು, ಕೊಡವದೆ ನೇರ ನೀರಿಗೆ. ಕೆಲಸದ ಚಪ್ಪಲಿ ಮನೆಯ ಹತ್ತಿರವೂ ಬರಬಾರದು. ಅವನು ಸ್ನಾನ ಮಾಡುವವರೆಗೆ ಪುಟ್ಟಿಯನ್ನು ಮುಟ್ಟಬಾರದು. ಊಟಕ್ಕೆ ಮೊದಲು ಅವಳ ಕೈ ಸೋಪಿನಲ್ಲಿ ತೊಳೆಯಿರಿ. ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ರಕ್ತ ನೋಡಿಸಿ. ನಿಜವಾಗಿ ಇದೆಲ್ಲ ಕಾರ್ಖಾನೆಯವನು ಮಾಡಬೇಕಾದದ್ದು. ಅಷ್ಟು ಜನ ಕೆಲಸಗಾರರಿಗೆ ಮೈ ತೊಳೆಯಲು ಒಂದು ನಲ್ಲಿ, ಬಟ್ಟೆ ಬದಲಾಯಿಸಲು ಒಂದು ಕೋಣೆ ಇಲ್ಲ. ತನ್ನ ಕಾರನ್ನು ಮಾತ್ರ ದಿನಾ ತೊಳೆಸುತ್ತಾನಂತೆ. ಅಂಥವನ ಸಂಘಕ್ಕೆ ನನ್ನ ಅಂಕಿಗಳು ಹೋಗುತ್ತಿದ್ದವಲ್ಲ.

ಬೇರೆ ವಿಭಾಗದ ಒಬ್ಬ ಮೇಡಂ ನನ್ನನ್ನು ತೆಗೆದುಕೊಳ್ಳುತ್ತೇನೆಂದಿದ್ದಾರೆ. ಮೊದಲಿಂದ ಶುರುಮಾಡಬೇಕು. ನಿಮ್ಮ ಬೀದಿಯವರು ಒಪ್ಪಿದರೆ ಮತ್ತೆ ಬರುತ್ತೇನೆ.

ಅತ್ತಿಗೆ, ಇದು ನಿಮ್ಮ ತಪ್ಪಲ್ಲ. ನಿಮಗೆ ಯಾರೂ ಹೇಳಿರಲಿಲ್ಲ. ನೀವು ಒಳ್ಳೆಯದಕ್ಕೇ ಮಾಡಿದಿರಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಕ್ಕಳು ಬೇಗ ಚೇತರಿಸಿಕೊಳ್ಳುತ್ತವೆ. ನಮ್ಮ ಪುಟ್ಟಿ ಎಲ್ಲರ ಹಾಗೆ ಚೆನ್ನಾಗಿ ಮಾತಾಡುತ್ತಾಳೆ, ಓದುತ್ತಾಳೆ, ನೋಡುತ್ತಿರಿ.

ನಿಮ್ಮ ಪ್ರೀತಿಯ
ನಾದಿನಿ

---

ಆಗಸ್ಟ್ 9

ನಾದಿನಿಗೆ,

ನಿನ್ನ ಕಾಗದ ಬಂತು. ಇಷ್ಟು ಸವಿಯಾಗಿ ನೀನು ನನಗೆ ಬರೆದದ್ದು ಇದೇ ಮೊದಲು. ಓದಿ ಹೆದರಿಕೆಯಾಯಿತು.

ನೀನು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. ಪೊರಕೆ ಹೊರಗೆ ಹಾಕಿದೆ. ನಿಮ್ಮಣ್ಣನೂ ಇನ್ನು ಕೆಲವರೂ ಸೇರಿ ಒಂದು ನಲ್ಲಿ, ಒಂದು ಕೋಣೆ ಕೊಡಿ ಎಂದು ಮಾಲೀಕನನ್ನು ಕೇಳಿದರು. "ಇದೇನು ಲಾಡ್ಜಾ?" ಎಂದನಂತೆ. ನಿಮ್ಮಣ್ಣ ಮೊದಲ ಸಲ ಬಾಯಿಬಿಟ್ಟು, "ನಿಮ್ಮ ಮೊಮ್ಮಗಳನ್ನ ಒಂದು ದಿನ ನಮ್ಮ ಅಂಗಿ ಮೇಲೆ ಮಲಗಿಸಿ ಸಾರ್, ಆಮೇಲೆ ಹೇಳಿ" ಎಂದರಂತೆ. ಕೆಲಸದಿಂದ ತೆಗೆದಿಲ್ಲ. ನಲ್ಲಿಯೂ ಬಂದಿಲ್ಲ. ಈಗ ಎಲ್ಲರೂ ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಒಯ್ದು, ಕಾಂಪೌಂಡಿನ ಹಿಂದೆ ನಾಚಿಕೆ ಬಿಟ್ಟು ಬದಲಾಯಿಸುತ್ತಾರೆ. ಬೀದಿಯವರು ನೀನು ಬರಲಿ ಎಂದಿದ್ದಾರೆ. ಈ ಸಲ ಯಾವತ್ತು ಬರುತ್ತೀಯೆಂದು ನನಗೂ ಹೇಳಬೇಡ. ಆ ಸಮಿತಿಯವರ ಹತ್ತಿರ ನೀನೇ ಹೋರಾಡಿಕೋ.

ಸಂಜೆ ಮಾತ್ರ ಕಷ್ಟ. ಅಪ್ಪನ ಹೆಜ್ಜೆ ಕೇಳಿದರೆ ಪುಟ್ಟಿ ಓಡುತ್ತಾಳೆ. ನಾನು ನಡುವೆ ಹಿಡಿದುಕೊಳ್ಳುತ್ತೇನೆ. ಅವರು ಮುಖ ತಿರುಗಿಸಿಕೊಂಡು ಬಚ್ಚಲಿಗೆ ಹೋಗುತ್ತಾರೆ. ಇವಳು ನನ್ನ ಕೈ ಕಚ್ಚುತ್ತಾಳೆ, ಬಚ್ಚಲ ಬಾಗಿಲಿಗೆ ಒದೆಯುತ್ತಾಳೆ. ಯಾಕೆ ಬಿಡುತ್ತಿಲ್ಲ ಎಂದು ಕೇಳಲು ಅವಳಿಗೆ ಮಾತಿಲ್ಲ. ಹೇಳಿದರೆ ತಿಳಿಯುವುದಿಲ್ಲ. ನನ್ನನ್ನು ನೋಡುವ ನೋಟವೇ ಬದಲಾಗಿದೆ.

ಈಗ ನಿನ್ನ ಕಾಗದದ ಕೊನೆಯ ಮಾತಿಗೆ ಬರುತ್ತೇನೆ. ಮಕ್ಕಳು ಬೇಗ ಚೇತರಿಸಿಕೊಳ್ಳುತ್ತವೆ ಎಂದು ಬರೆದಿದ್ದೀಯ. ಇದನ್ನು ಯಾವ ಪುಸ್ತಕದಲ್ಲಿ ಓದಿದೆ? ಓದಿಲ್ಲ. ನನಗೆ ಗೊತ್ತು. ಡಾಕ್ಟರನ್ನು ಕೇಳಿದರೆ "ನೋಡೋಣಮ್ಮ" ಎನ್ನುತ್ತಾರೆ. ನಿಮ್ಮಣ್ಣ "ಏನೂ ಆಗಲ್ಲ ಬಿಡು" ಎನ್ನುತ್ತಾರೆ. ಅತ್ತೆ ಅವರ ಮಗನ ಕಥೆಯನ್ನೇ ಮತ್ತೆ ಹೇಳುತ್ತಾರೆ. ಇಷ್ಟು ಜನ ಸಮಾಧಾನ ಹೇಳುವವರು ಇರುವಾಗ ನೀನೂ ಅವರ ಜೊತೆ ಸೇರಬೇಡ. ನಿನಗೆ ಲೋಟ ತೊಳೆಯಲು ಬರುವುದಿಲ್ಲ, ಅಡುಗೆ ಬರುವುದಿಲ್ಲ, ನಾಲ್ಕು ಜನರ ಹತ್ತಿರ ನಯವಾಗಿ ಮಾತಾಡಲು ಬರುವುದಿಲ್ಲ. ಈ ಮನೆಯಲ್ಲಿ ನನ್ನ ಮುಖದ ಮೇಲೆ ನಿಜ ಹೇಳಿದವಳು ಮಾತ್ರ ನೀನೊಬ್ಬಳೇ. ಅದೊಂದು ಬರುತ್ತಿತ್ತು, ಅದನ್ನೂ ಕೆಡಿಸಿಕೊಂಡೆಯಾ?

ಬಾ. ಬಂದು ಅವಳ ಜೊತೆ ಎರಡು ದಿನ ಕೂತು ನೋಡು. ಅವಳಿಗೆ ಮಾತು ಪೂರ್ತಿ ಬರುತ್ತದೋ ಇಲ್ಲವೋ, ತಲೆಗೆ ಎಷ್ಟು ಪೆಟ್ಟಾಗಿದೆಯೋ, ನಿನಗೆ ತಿಳಿದಷ್ಟನ್ನು ಮೊದಲಿನ ಹಾಗೆ ಒರಟಾಗಿಯೇ ಹೇಳು. ತಿಳಿಯದಿದ್ದರೆ ತಿಳಿಯದು ಎನ್ನು. ನಾಳೆ ಶಾಲೆಯಲ್ಲಿ ಯಾರಾದರೂ ಅವಳನ್ನು ದಡ್ಡಿ ಎಂದರೆ, ಆ ದಡ್ಡತನ ಅವಳದಲ್ಲ, ನಾನು ಕೈಯಾರೆ ಹಾಕಿದ್ದು ಎಂದು ಅವಳ ಟೀಚರ್ ಎದುರು ನಿಂತು ಹೇಳಬೇಕಾದವಳು ನಾನು. ಹೇಳುವ ಮೊದಲು ನನಗೆ ಸರಿಯಾಗಿ ಗೊತ್ತಿರಬೇಕು.

ನಿನ್ನ
ಅತ್ತಿಗೆ